ಗೂಬಣ್ಣ ಕಣ್ಣು ಆಡಿಸಬಾರದು

ಯಾರದೋ ತಪ್ಪಿಗೆ ಇನ್ಯಾರದೋ ತಲೆ ಮೇಲೆ ಗೂಬೆ ಕೂರಿಸುವುದು ಅಂತೀವಲ್ಲ, ನಮ್ಮ ಹಾಡುನಾಟಕ ಹುಟ್ಟಿದ್ದೇ ಆ ಮಾತಿನಿಂದ. ತಲೆ ಕೊಟ್ಟವನ ಗೋಳು ಎಲ್ಲರಿಗೂ ಗೊತ್ತು. ಕೂತ ಗೂಬೆಯ ಗತಿ?

ಕಥೆ ಇಷ್ಟೇ. ಊರ ನಡುವೆ ಕೆಟ್ಟು ನಿಂತ ಗಡಿಯಾರದ ಗೋಪುರ. ಅದರಲ್ಲಿ ಮೈತುಂಬ ಗರಿ ಇರುವ ಒಬ್ಬ ಮನುಷ್ಯ. ಊರವರು ಇಟ್ಟ ಹೆಸರು ಗೂಬಣ್ಣ. ಹಾಲು ಒಡೆದರೂ ಅವನೇ ಕಾರಣ, ಮದುವೆ ಮುರಿದರೂ ಅವನೇ ಕಾರಣ. ಅವನು ರಾತ್ರಿ ಮಾಡುತ್ತಿದ್ದ ಕೆಲಸ ಒಂದೇ, ಕಣಜದ ಇಲಿ ಹಿಡಿಯುವುದು. ಅವನನ್ನು ಓಡಿಸಿದ ಮೇಲೆ ಊರಿನ ಪಾಡೇನು ಅನ್ನೋದು ಎರಡನೇ ಅಂಕ. ಒಟ್ಟು 9 ಹಾಡು, 90 ನಿಮಿಷ. ಬರೆದವನೂ ನಾನೇ, ನಿರ್ದೇಶಕನೂ ನಾನೇ. ಅದೊಂದು ದಡ್ಡತನ. ತಾನೇ ಬರೆದ ಮಾತಿಗೆ ಕತ್ತರಿ ಹಾಕಲು ಯಾರಿಗೂ ಕೈ ಬರಲ್ಲ.

ಮೊದಲ ಎರಡು ವಾರ ತಾಲೀಮು ಭರ್ಜರಿಯಾಗಿತ್ತು. ಗೂಬಣ್ಣನ ಪಾತ್ರದ ಹುಡುಗ ಒಳ್ಳೆಯ ಹಾಸ್ಯನಟ. ಕಣ್ಣು ಗರಗರ ತಿರುಗಿಸುತ್ತಿದ್ದ, ಎಡವಿ ಬೀಳುತ್ತಿದ್ದ, ಕೀರಲು ದನಿಯಲ್ಲಿ ಹಾಡುತ್ತಿದ್ದ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಎಡವಟ್ಟು ಗೊತ್ತಾಗಿದ್ದು ಮೊದಲ ರನ್‌ಥ್ರೂ ದಿನ, ಅಂದರೆ ಇಡೀ ನಾಟಕವನ್ನು ನಡುವೆ ನಿಲ್ಲಿಸದೆ ಆಡಿ ನೋಡಿದ ದಿನ. ಊರಿಂದ ಅವನನ್ನು ಓಡಿಸುವ ದೃಶ್ಯದಲ್ಲೂ ನಗು! ನೋಡಲು ಬಂದಿದ್ದ ಗೆಳತಿ ಆಮೇಲೆ ಕೇಳಿದಳು: "ಊರವರೂ ಅವನನ್ನ ನೋಡಿ ನಕ್ಕರು, ನಾವೂ ನಕ್ಕೆವು. ಹಾಗಾದ್ರೆ ನಾವು ಯಾರ ಕಡೆ ಮಾರಾಯ?"

ಆ ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಗೂಬೆಗಳ ಬಗ್ಗೆ ಓದುತ್ತ ಕೂತೆ. ಗೂಬೆಯ ಕಣ್ಣು ಗೋಲಿಯ ಹಾಗೆ ಗುಂಡಗಿಲ್ಲ, ಕೊಳವೆಯ ಹಾಗೆ ಉದ್ದಕ್ಕಿದೆ. ಇದ್ದ ಜಾಗದಲ್ಲಿ ಅದು ಹೊರಳುವುದಿಲ್ಲ. ಪಕ್ಕಕ್ಕೆ ನೋಡಬೇಕಾದರೆ ಇಡೀ ತಲೆಯನ್ನೇ ತಿರುಗಿಸಬೇಕು, ಅದೂ 270 ಡಿಗ್ರಿ ತನಕ. ರೆಕ್ಕೆಯ ಅಂಚು ಬಾಚಣಿಗೆಯ ಹಲ್ಲಿನಂತೆ ಇರುವುದರಿಂದ ಹಾರುವಾಗ ಸದ್ದೂ ಆಗಲ್ಲ. ನಾವು ಮಾಡುತ್ತಿದ್ದದ್ದು ಪೂರ್ತಿ ಉಲ್ಟಾ!

ಮರುದಿನ ಹುಡುಗನಿಗೆ ಎರಡು ಷರತ್ತು ಹಾಕಿದೆ. ಕಣ್ಣು ಆಡಿಸಬಾರದು. ಹೆಜ್ಜೆ ಸದ್ದಾಗಬಾರದು.

"ಮತ್ತೆ ನಾನು ಮಾಡೋದೇನು ಸರ್?"

"ಏನೂ ಮಾಡಬೇಡ. ಯಾರು ಮಾತಾಡಿದರೂ ಅವರ ಕಡೆ ಪೂರ್ತಿ ತಲೆ ತಿರುಗಿಸಿ ಕೇಳು."

ಮುಖ ಸಣ್ಣದು ಮಾಡಿಕೊಂಡ. ಆದರೆ ಊರ ಯಜಮಾನ ಅರಚಾಡುವಾಗ ಇವನು ನಿಧಾನಕ್ಕೆ ತಲೆ ತಿರುಗಿಸಿ, ಒಮ್ಮೆ ರೆಪ್ಪೆ ಬಡಿದು, ಮರ್ಯಾದೆಯಿಂದ ಕೇಳಿಸಿಕೊಂಡ. ಎಲ್ಲರೂ ಗೊಳ್ಳೆಂದು ನಕ್ಕರು. ಈ ಸಲ ನಕ್ಕಿದ್ದು ಯಜಮಾನನನ್ನು ನೋಡಿ.

ಹಾಡುಗಳನ್ನೂ ಹೀಗೇ ಬಿಚ್ಚಿ ಕಟ್ಟಿದೆವು. ಊರವರ ದೂರಿನ ಹಾಡು ನಿಮಿಷಕ್ಕೆ 160 ಬಡಿತದಲ್ಲಿತ್ತು, 14 ಜನ ಒಟ್ಟಿಗೆ ಹಾಡುತ್ತಿದ್ದರು. ಗದ್ದಲ ಬಿಟ್ಟರೆ ಒಂದು ಪದವೂ ಕೇಳುತ್ತಿರಲಿಲ್ಲ. ತಮಾಷೆ ಹಾಡಿನಲ್ಲಿ ಪದ ಕೇಳದಿದ್ದರೆ ತಮಾಷೆಯೇ ಇಲ್ಲ. ವೇಗ 132ಕ್ಕೆ ಇಳಿಸಿ, ಒಬ್ಬೊಬ್ಬರಿಗೆ ಒಂದೊಂದು ಸಾಲು ಹಂಚಿದೆ. 'ಗೂಬೆ! ಗೂಬೆ!' ಅನ್ನುವಾಗ ಮಾತ್ರ ಎಲ್ಲರೂ. ಗೂಬಣ್ಣನ ಹಾಡಿಗೆ ಇದ್ದ ವಾದ್ಯಗಳನ್ನೆಲ್ಲ ತೆಗೆದು ಕೀಬೋರ್ಡ್ ಒಂದನ್ನೇ ಉಳಿಸಿದೆವು. ಕಷ್ಟಪಟ್ಟು ಮೇಲೆ ಹಾಡುತ್ತಿದ್ದವನಿಗೆ ಶ್ರುತಿ ಎರಡು ಮನೆ ಇಳಿಸಿದೆವು. ವೇಗ ನಿಮಿಷಕ್ಕೆ 60, ಸರಿಯಾಗಿ ಗಡಿಯಾರದ ಟಿಕ್ ಟಿಕ್. ಕೆಟ್ಟ ಗಡಿಯಾರ ಅವನು ಹಾಡುವಾಗ ಮಾತ್ರ ನಡೆಯುತ್ತದೆ. ಇದನ್ನು ಹೊಳೆಯಿಸಿದ್ದು ಕೀಬೋರ್ಡಿನವನು, ನಾನಲ್ಲ.

ಗರಿಯದ್ದು ಇನ್ನೊಂದು ಕಥೆ. ನಿಜವಾದ ಗರಿಗಳನ್ನು ಅಂಟಿಸಿದ್ದೆವು. ಮೊದಲ ಕುಣಿತಕ್ಕೇ ಉದುರಿ, ಒಂದು ಹಾಡುವವಳ ಬಾಯಿಗೇ ಹೋಯಿತು. ಆಮೇಲೆ ಬಟ್ಟೆಯ ಚೂರು ಕತ್ತರಿಸಿ, ಹೆಂಚು ಹೊದಿಸುವ ಹಾಗೆ ಕೆಳಗಿನ ಸಾಲಿನಿಂದ ಶುರುಮಾಡಿ ಮೇಲಕ್ಕೆ ಹೊಲಿದೆವು. ಎದೆಯ ಮೇಲಿನ ಮೈಕ್ ಗರಿಗೆ ಉಜ್ಜಿ ಬರಬರ ಅನ್ನುತ್ತಿತ್ತು. ಅದನ್ನು ಹಣೆಯ ಮೇಲೆ, ಕೂದಲಿನ ಅಂಚಿಗೆ ಸಿಕ್ಕಿಸಿದ ಮೇಲೆ ಸರಿಹೋಯಿತು.

ತಾಲೀಮಿನಲ್ಲಿ ಕಲಿಯಲು ಆಗದ್ದು ಜನರ ನಗು. ಮೊದಲ ಪ್ರಯೋಗದಲ್ಲಿ ಅವರು ನಗುತ್ತಿದ್ದಂತೆ ಮುಂದಿನ ಸಾಲು ಮುಳುಗಿಹೋಯಿತು. ಹಾಗಾಗಿ ನಗು ಬರುವ ಐದು ಕಡೆ ವ್ಯಾಂಪ್ ಹಾಕಿದೆವು. ಅಂದರೆ ನಟ ತಲೆ ಆಡಿಸುವ ತನಕ ಕೀಬೋರ್ಡಿನವನು ಆ ಎರಡು ಆವರ್ತವನ್ನೇ ತಿರುಗಿಸಿ ತಿರುಗಿಸಿ ನುಡಿಸಬೇಕು.

ಮೂರನೇ ಪ್ರಯೋಗ. ಎರಡನೇ ಅಂಕದಲ್ಲಿ ಕಣಜ ಖಾಲಿಯಾಗಿದೆ. ಗೂಬಣ್ಣ ಮೆಲ್ಲಗೆ ವಾಪಸ್ಸು ಬಂದಿದ್ದಾನೆ. "ಕಾಳು ಕದ್ದವರು ಯಾರು?" ಅಂತ ಯಜಮಾನ ಗುಡುಗಿದ. ಮುಂದಿನ ಸಾಲಿನಲ್ಲಿದ್ದ ಪುಟ್ಟ ಹುಡುಗಿ ಎದ್ದು ನಿಂತು ಕೂಗಿದಳು: "ಇಲಿ! ಅವನಲ್ಲ, ಇಲಿ!" ಗೂಬಣ್ಣ ಪೂರ್ತಿ ತಲೆ ತಿರುಗಿಸಿ ಅವಳನ್ನೇ ನೋಡಿದ. ಕಣ್ಣು ಆಡಲಿಲ್ಲ. ಜನ ನಕ್ಕರು, ಆಮೇಲೆ ಚಪ್ಪಾಳೆ, ಆಮೇಲೆ ಸುಮ್ಮನಾದರು. ಅವನಿನ್ನೂ ನೋಡುತ್ತಲೇ ಇದ್ದ. ಸೈಡ್ ವಿಂಗ್‌ನಲ್ಲಿ ನಾನು ಎಣಿಸುತ್ತಿದ್ದೆ, ವ್ಯಾಂಪ್ ಹನ್ನೊಂದು ಸಲ ತಿರುಗಿತು.