ಯಾವುದಕ್ಕೆ ಅಂತ ಹೇಳದೆ ಕೊಟ್ಟ ದುಡ್ಡು: ಪಿಟ್ಸ್‌ಬರ್ಗ್ ಯಹೂದಿ ಫೆಡರೇಶನ್‌ನಲ್ಲಿ ನನ್ನ ಅನುಭವ

ದಾವಣಗೆರೆಯಲ್ಲಿ ಬಿ.ಕಾಂ. ಓದಿದೆ. ಮದುವೆಯಾಗಿ ಅಮೆರಿಕಕ್ಕೆ ಬಂದ ಮೇಲೆ ಇಲ್ಲಿನ ಅಕೌಂಟಿಂಗ್ ಮತ್ತೆ ಕಲಿತೆ. ಆಮೇಲೆ ಸಿಕ್ಕಿದ್ದು ಪಿಟ್ಸ್‌ಬರ್ಗ್‌ನ ಯಹೂದಿ ಫೆಡರೇಶನ್‌ನ ಲೆಕ್ಕ ವಿಭಾಗದ ಕೆಲಸ. ನಾನು ಯಹೂದಿ ಅಲ್ಲ. ಅಲ್ಲಿ ನನ್ನಂಥವರು ಇನ್ನೂ ಇದ್ದರು. ನನ್ನ ಪಾಲಿಗೆ ಬಂದಿದ್ದು ಎರಡು ಲೆಕ್ಕ. ಜನ ಎಷ್ಟು ಕೊಡುತ್ತೇನೆ ಅಂದಿದ್ದಾರೆ ಅನ್ನೋದು ಒಂದು. ಬಂದ ದುಡ್ಡಲ್ಲಿ ಯಾವ ಸಂಸ್ಥೆಗೆ ಎಷ್ಟು ಹೋಗುತ್ತದೆ ಅನ್ನೋದು ಇನ್ನೊಂದು. ಈ ಎರಡರ ನಡುವೆ ಕೂತು ನಾನು ಕಂಡುಕೊಂಡ ಒಂದು ವಿಷಯ ಇದೆ. ದಾನದಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ‘ನಿಮಗೆ ಎಲ್ಲಿ ಬೇಕು ಅನಿಸುತ್ತೋ ಅಲ್ಲಿಗೆ ಹಾಕಿ’ ಅಂತ ಕೊಟ್ಟ ದುಡ್ಡು.

ಮೊದಲು ಫೆಡರೇಶನ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. 19ನೇ ಶತಮಾನದ ಕೊನೆಗೆ ಪೂರ್ವ ಯುರೋಪಿನಿಂದ ಬಡ ಯಹೂದಿಗಳು ಅಮೆರಿಕದ ಊರುಗಳಿಗೆ ದಂಡು ದಂಡಾಗಿ ಬಂದರು. ಅವರಿಗಾಗಿ ಅನಾಥಾಲಯ, ಆಸ್ಪತ್ರೆ, ಸಾಲ ಕೊಡುವ ಸಂಘ, ವೃದ್ಧರ ಮನೆ ಎಲ್ಲ ಹುಟ್ಟಿಕೊಂಡವು. ಪ್ರತಿಯೊಂದಕ್ಕೂ ಬೇರೆ ಬೇರೆ ಜನ ಚಂದಾ ಎತ್ತುತ್ತಿದ್ದರು. ಗಣೇಶನ ಹಬ್ಬದ ಹೊತ್ತಿಗೆ ನಮ್ಮ ಪೇಟೆಬೀದಿಯ ಒಂದೇ ಅಂಗಡಿಗೆ ಐದು ಗುಂಪಿನ ಹುಡುಗರು ರಸೀದಿ ಪುಸ್ತಕ ಹಿಡಿದು ಬರುತ್ತಾರಲ್ಲ, ಹಾಗೆ. ಕೊಡುವವರೂ ದಣಿದರು, ಕೇಳುವವರೂ ದಣಿದರು. ಎಲ್ಲರೂ ಸೇರಿ ವರ್ಷಕ್ಕೊಮ್ಮೆ ಕೇಳೋಣ, ಒಂದೇ ಕಡೆ ಕೂಡಿಸೋಣ, ಆಮೇಲೆ ಕೂತು ಹಂಚೋಣ ಅನ್ನೋ ಏರ್ಪಾಡು 1895ರಲ್ಲಿ ಬಾಸ್ಟನ್‌ನಲ್ಲಿ ಬಂತು. ಪಿಟ್ಸ್‌ಬರ್ಗ್‌ನಲ್ಲಿ ಅದು ಬಂದಿದ್ದು 1912ರಲ್ಲಿ.

ಇವತ್ತು ಇಲ್ಲಿನ ಫೆಡರೇಶನ್‌ನ ದುಡ್ಡು ಹೋಗುವ ಜಾಗಗಳು ಹಲವು. ಜೆಸಿಸಿ ಅಂತ ಕರೆಯುವ ಸಮುದಾಯ ಕೇಂದ್ರ ಇದೆ. ಸ್ಕ್ವಿರಲ್ ಹಿಲ್ ಬಡಾವಣೆಯಲ್ಲಿ ಕೋಷರ್ ದಿನಸಿ, ಅಂದರೆ ಯಹೂದಿ ಆಹಾರ ನಿಯಮಕ್ಕೆ ಒಪ್ಪುವ ದಿನಸಿ ಹಂಚುವ, ಆಪ್ತಸಲಹೆ ಕೊಡುವ ಜೆಎಫ್‌ಸಿಎಸ್ ಇದೆ. ವಯಸ್ಸಾದವರನ್ನು ನೋಡಿಕೊಳ್ಳುವ ಸಂಸ್ಥೆ, ಶಾಲೆಗಳು, ಕಾಲೇಜು ಹುಡುಗರ ಸಂಘ ಹಿಲೆಲ್ ಇವೆ. ದುಡ್ಡಿನ ಒಂದು ಭಾಗ ದೇಶದಾಚೆಗೂ ಹೋಗುತ್ತದೆ. 1914ರಲ್ಲಿ ಶುರುವಾದ ‘ಜಾಯಿಂಟ್’ ಅನ್ನುವ ಪರಿಹಾರ ಸಂಸ್ಥೆ ಬೇರೆ ಬೇರೆ ದೇಶಗಳ ಯಹೂದಿಗಳ ನಡುವೆ ಕೆಲಸ ಮಾಡುತ್ತದೆ. ಅದರಲ್ಲಿ ಮುಂಬೈಯ ಬೆನೆ ಇಸ್ರೇಲ್ ಸಮುದಾಯವೂ ಸೇರಿದೆ. ಮುಂಬೈ ಅನ್ನೋ ಹೆಸರು ಕಾಗದದಲ್ಲಿ ಕಂಡ ದಿನ ನನಗೆ ಎಷ್ಟು ಖುಷಿಯಾಯಿತು ಅಂತ ಹೇಳಲಾರೆ.

ಈಗ ಕೇಳುವ ಕೆಲಸಕ್ಕೆ ಬರೋಣ. ಅದನ್ನು ನಾನು ಲೆಕ್ಕದ ಮೇಜಿನಿಂದ ನೋಡಿದ್ದೇನೆ, ಫೋನ್ ಹಿಡಿದು ಮಾಡಿಯೂ ಇದ್ದೇನೆ. ಮೊದಲ ನಿಯಮ ಏನು ಗೊತ್ತಾ? ಬೇರೆಯವರನ್ನು ಕೇಳುವ ಮುಂಚೆ ನೀನು ಕೊಟ್ಟಿರಬೇಕು. ಸ್ವಯಂಸೇವಕರು ಅಭಿಯಾನ ಶುರುವಾಗುವ ಮೊದಲೇ ತಮ್ಮ ಪ್ಲೆಡ್ಜ್, ಅಂದರೆ ಇಷ್ಟು ಕೊಡುತ್ತೇನೆ ಅನ್ನುವ ಮಾತು, ಬರೆದುಕೊಡುತ್ತಾರೆ. ಎರಡನೆಯದು, ಅಂಕಿ ಹೇಳಿ ಕೇಳುವುದು. ‘ನಿಮ್ಮ ಕೈಲಾದಷ್ಟು ಕೊಡಿ’ ಅಂದರೆ ಜನ ತಬ್ಬಿಬ್ಬಾಗುತ್ತಾರೆ. ‘ಹೋದ ವರ್ಷ ನೀವು 180 ಡಾಲರ್ ಕೊಟ್ಟಿದ್ದಿರಿ, ಈ ವರ್ಷ 250 ಆಗಬಹುದಾ?’ ಅಂದರೆ ಅವರಿಗೆ ಯೋಚಿಸೋಕೆ ಒಂದು ಹಿಡಿ ಸಿಗುತ್ತದೆ. ಕೇಳಿದ ಮೇಲೆ ಸುಮ್ಮನಿರಬೇಕು. ಇದು ನನಗೆ ತುಂಬಾ ಕಷ್ಟವಾಗಿತ್ತು. ದುಡ್ಡು ಕೇಳೋದು ಅಂದರೆ ಮುಜುಗರ ಅಂತ ಬೆಳೆದವರು ನಾವು. ಆ ಕಡೆಯ ಮೌನ ತುಂಬೋಕೆ ‘ಇಲ್ಲದಿದ್ದರೂ ಪರವಾಗಿಲ್ಲ’ ಅಂತ ಬಾಯಿಗೆ ಬಂದುಬಿಡುತ್ತದೆ. ಅದನ್ನು ತಡೆದುಕೊಳ್ಳುವುದನ್ನು ಕಲಿತೆ.

ಹೆಂಗಸರ ಲೆಕ್ಕದ ಬಗ್ಗೆ ಒಂದು ಮಾತು ಹೇಳಲೇಬೇಕು. ‘ಲಯನ್ ಆಫ್ ಜುದಾ’ ಅನ್ನುವ ಗುಂಪು 1972ರಲ್ಲಿ ಮಯಾಮಿಯಲ್ಲಿ ಶುರುವಾಯಿತು. ವರ್ಷಕ್ಕೆ 5 ಸಾವಿರ ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಕೊಡುವ ಹೆಂಗಸರು ಸಿಂಹದ ಪಿನ್ ಹಾಕಿಕೊಳ್ಳುತ್ತಾರೆ. ಗಂಡ ಕೊಟ್ಟಿದ್ದು ಇದಕ್ಕೆ ಲೆಕ್ಕವಿಲ್ಲ. ಅವಳ ಹೆಸರಲ್ಲಿ, ಅವಳ ತೀರ್ಮಾನದಿಂದ ಬಂದಿರಬೇಕು. ನಮ್ಮ ಪುಸ್ತಕದಲ್ಲಿ ಅದಕ್ಕೆ ಬೇರೆಯೇ ಸಾಲು. ನಮ್ಮೂರಿನ ದೇವಸ್ಥಾನದ ಕಲ್ಲುಗಳ ಮೇಲೆ ‘ಶ್ರೀ ಇಂಥವರು ಮತ್ತು ಕುಟುಂಬ’ ಅಂತಲೇ ಓದಿ ಬೆಳೆದವಳು ನಾನು. ಆ ಸಾಲು ತುಂಬುವಾಗಲೆಲ್ಲ ಮನಸ್ಸಿಗೆ ಹಿತವಾಗುತ್ತಿತ್ತು.

ಕೊಡುತ್ತೇನೆ ಅಂದಿದ್ದು ಬೇರೆ, ಕೈಗೆ ಬಂದಿದ್ದು ಬೇರೆ. ಅಮೆರಿಕದ ಲೆಕ್ಕದ ನಿಯಮದಲ್ಲಿ ಷರತ್ತಿಲ್ಲದ ಪ್ಲೆಡ್ಜ್ ಬಂದ ದಿನವೇ ಅದನ್ನು ಆದಾಯ ಅಂತ ಬರೆಯಬೇಕು. ಆದರೆ ಎಲ್ಲವೂ ವಸೂಲಾಗುವುದಿಲ್ಲ. ಕೆಲಸ ಹೋಗುತ್ತದೆ, ಕಾಯಿಲೆ ಬರುತ್ತದೆ, ಮನೆ ಒಡೆಯುತ್ತದೆ. ಹಿಂದಿನ ವರ್ಷಗಳ ವಸೂಲಿ ನೋಡಿ ಇಷ್ಟು ಬರಲಿಕ್ಕಿಲ್ಲ ಅಂತ ಮೊದಲೇ ಕಳೆದಿಡಬೇಕು. ಹಾಗೆ ಕಳೆಯದೆ ಹಂಚಿದರೆ ವರ್ಷದ ಕೊನೆಗೆ ಯಾವುದೋ ಸಂಸ್ಥೆಯ ಸಂಬಳ ನಿಲ್ಲುತ್ತದೆ. ಬಾಕಿ ಇದ್ದವರಿಗೆ ಫೋನ್ ಮಾಡುವುದೂ ನನ್ನ ಕೆಲಸವೇ ಆಗಿತ್ತು. ಅದು ಸಾಲ ವಸೂಲಿ ಅಲ್ಲ. ಮೊದಲು ಹೇಗಿದ್ದೀರಿ ಅಂತ ಕೇಳುತ್ತಿದ್ದೆ. ಹೆಂಡತಿ ತೀರಿಕೊಂಡು ಒಬ್ಬರೇ ಇರುವ ಅಜ್ಜನಿಗೆ ಚೆಕ್ಕಿಗಿಂತ ಮೊದಲು ಊಟದ ವ್ಯವಸ್ಥೆ ಬೇಕು ಅಂತ ಗೊತ್ತಾಗುವುದು ಇಂಥ ಫೋನಿನಲ್ಲೇ. ಅವರ ಹೆಸರನ್ನು ಮನೆಗೆ ಕೋಷರ್ ಊಟ ತಲುಪಿಸುವವರಿಗೆ ಕೊಡುತ್ತಿದ್ದೆವು.

ಹಂಚುವುದು ಕೇಳುವುದಕ್ಕಿಂತ ಕಷ್ಟ. ಯಹೂದಿಗಳ ಹಳೆಯ ಕಟ್ಟಳೆಯೊಂದಿದೆ. ಊರಿನ ದಾನದ ಪೆಟ್ಟಿಗೆಗೆ ಎತ್ತುವಾಗ ಇಬ್ಬರಿಗೆ ಕಡಿಮೆ ಇರಬಾರದು, ಹಂಚುವಾಗ ಮೂವರಿಗೆ ಕಡಿಮೆ ಇರಬಾರದು. ಎತ್ತುವಾಗ ಒಬ್ಬನ ಮೇಲೆ ಅನುಮಾನ ಬಾರದಿರಲಿ ಅಂತ ಇಬ್ಬರು. ಹಂಚುವುದು ನ್ಯಾಯ ತೀರ್ಮಾನದಂತೆ, ಅದಕ್ಕೆ ಮೂವರು. ಮಿಶ್ನಾ ಅನ್ನುವ ಹಳೆಯ ಯಹೂದಿ ಕಟ್ಟಳೆ ಗ್ರಂಥದ ಕಾಲದ ಈ ಮಾತು ಇವತ್ತಿನ ಫೆಡರೇಶನ್‌ನಲ್ಲೂ ಉಸಿರಾಡುತ್ತಿದೆ. ಹಂಚಿಕೆಯ ತೀರ್ಮಾನ ಸಿಬ್ಬಂದಿಯದಲ್ಲ, ಸ್ವಯಂಸೇವಕರ ಸಮಿತಿಯದು. ನಾವು ಅಂಕಿ ಅಂಶ ಜೋಡಿಸಿಕೊಡುತ್ತೇವೆ.

ಒಂದು ಸಂಸ್ಥೆಯ ಅರ್ಜಿ ಬಂದಾಗ ನಾನು ಮೊದಲು ತೆಗೆಯುತ್ತಿದ್ದಿದ್ದು ಅದರ ಹಿಂದಿನ ವರ್ಷಗಳ ಆಡಿಟ್ ವರದಿ. ಸರ್ಕಾರದಿಂದ ಎಷ್ಟು ಬರುತ್ತಿದೆ? ಅದು ತಡವಾದರೆ ಎಷ್ಟು ತಿಂಗಳು ತಡೆದುಕೊಳ್ಳುತ್ತಾರೆ? 500 ಜನರಿಗೆ ಸೇವೆ ಅಂತ ಬರೆದಿದ್ದರೆ ಅದು 500 ಜನರಾ, ಇಲ್ಲಾ 50 ಜನ ಹತ್ತು ಹತ್ತು ಸಲ ಬಂದಿದ್ದಾ? ಎರಡಕ್ಕೂ ಬೆಲೆ ಇದೆ, ಆದರೆ ಎರಡೂ ಒಂದೇ ಅಲ್ಲ. ಕೊನೆಯ ಪ್ರಶ್ನೆಯೇ ಮುಖ್ಯ. ನಮ್ಮ ದುಡ್ಡು ನಿಂತರೆ ಏನು ನಿಲ್ಲುತ್ತದೆ? ಇದಕ್ಕೆ ನೇರ ಉತ್ತರ ಕೊಡುವ ಸಂಸ್ಥೆಯನ್ನು ನಂಬಬಹುದು. ಆಮೇಲೆ ಒಂದು ಸಲ ಹೋಗಿ ನೋಡಿ ಬರಬೇಕು. ಕಾಗದದಲ್ಲಿ ಕಾಣದ್ದು ಅಲ್ಲಿನ ಕಾಯುವ ಕೋಣೆಯಲ್ಲಿ ಕಾಣುತ್ತದೆ.

ಒಟ್ಟಿಗೆ ಕೂತು ಹಂಚುವುದರ ಇನ್ನೊಂದು ಲಾಭ ಏಜ್‌ವೆಲ್ ಪಿಟ್ಸ್‌ಬರ್ಗ್. ವಯಸ್ಸಾದವರಿಗೆ ಮೂರು ಸಂಸ್ಥೆಗಳು ಬೇರೆ ಬೇರೆ ಸಹಾಯ ಮಾಡುತ್ತಿದ್ದವು. ಯಾವುದಕ್ಕೆ ಯಾರಿಗೆ ಫೋನ್ ಮಾಡಬೇಕು ಅಂತ 85 ವರ್ಷದ ಅಜ್ಜಿಗೆ ಹೇಗೆ ತಿಳಿಯಬೇಕು, ಹೇಳಿ? ಮೂರೂ ಕೈ ಜೋಡಿಸಿದ ಮೇಲೆ ಒಂದು ಫೋನ್ ಸಾಕು. ಊಟ, ವಾಹನ, ದಾದಿ, ವ್ಯಾಯಾಮ, ಎಲ್ಲದಕ್ಕೂ ಅಲ್ಲಿಂದಲೇ ದಾರಿ. ಇಂಥದ್ದಕ್ಕೆ ಫಲಕದ ಮೇಲೆ ಹೆಸರು ಕೆತ್ತಿಸಿಕೊಳ್ಳೋಕೆ ಆಗಲ್ಲ. ಅದಕ್ಕೇ ಹೆಸರಿಟ್ಟು ಕೊಡುವ ದಾನಿ ಇದಕ್ಕೆ ಸಿಗುವುದು ಅಪರೂಪ.

ಇತ್ತೀಚೆಗೆ, ಅದರಲ್ಲೂ ಚಿಕ್ಕ ವಯಸ್ಸಿನವರು, ಇದೇ ಕೆಲಸಕ್ಕೆ ಅಂತ ಹೇಳಿ ಕೊಡಲು ಇಷ್ಟಪಡುತ್ತಾರೆ. ಅವರ ಆಸೆ ನನಗೆ ಅರ್ಥವಾಗುತ್ತದೆ. ತಾನು ಕೊಟ್ಟಿದ್ದು ಏನಾಯಿತು ಅಂತ ಕಣ್ಣಾರೆ ನೋಡಬೇಕು ಅನ್ನೋದು ಸಹಜ. ಆದರೆ ಕರೆಂಟ್ ಬಿಲ್ಲು, ರಾತ್ರಿ ಪಾಳಿಯ ಸಿಬ್ಬಂದಿ, ತರಬೇತಿ ಇವಕ್ಕೆ ಯಾರು ಹೆಸರಿಟ್ಟು ಕೊಡುತ್ತಾರೆ? ಇದಕ್ಕೆ ಉತ್ತರ ನಾನು ಕಂಡಿದ್ದು 2018ರಲ್ಲಿ.

ಅಕ್ಟೋಬರ್ 27, ಶನಿವಾರ ಬೆಳಿಗ್ಗೆ. ಸ್ಕ್ವಿರಲ್ ಹಿಲ್‌ನ ಟ್ರೀ ಆಫ್ ಲೈಫ್ ಅನ್ನುವ ಸಿನಗಾಗ್‌ಗೆ, ಅಂದರೆ ಯಹೂದಿ ಪ್ರಾರ್ಥನಾ ಮಂದಿರಕ್ಕೆ, ಒಬ್ಬ ಬಂದೂಕು ಹಿಡಿದು ನುಗ್ಗಿದ. ಆ ಕಟ್ಟಡದಲ್ಲಿ ಮೂರು ಪ್ರಾರ್ಥನಾ ಸಭೆಗಳು ಸೇರುತ್ತಿದ್ದವು. 11 ಜನ ಸತ್ತರು. ಮನೆಯವರು ಸುದ್ದಿಗಾಗಿ ಕಾದು ಕೂತಿದ್ದು ಹತ್ತಿರದ ಜೆಸಿಸಿಯಲ್ಲಿ. ಜೆಎಫ್‌ಸಿಎಸ್‌ನ ಆಪ್ತಸಲಹೆಗಾರರು ಅವತ್ತೇ ಅಲ್ಲಿ ಅವರ ಪಕ್ಕದಲ್ಲಿದ್ದರು. ಆ ಕಟ್ಟಡದ ಬಾಗಿಲು ತೆರೆದಿತ್ತು, ಆ ಸಲಹೆಗಾರರು ಸಂಬಳದ ಮೇಲೆ ಇದ್ದರು. ಎಷ್ಟೋ ವರ್ಷದಿಂದ ಯಾರ್ಯಾರೋ ಯಾವುದಕ್ಕೆ ಅಂತ ಹೇಳದೆ ಕೊಟ್ಟ ದುಡ್ಡಿನ ಪಾಲು ಅದರಲ್ಲಿತ್ತು.

ಇನ್ನೊಂದು ವಿಷಯ. ಫೆಡರೇಶನ್ 2017ರಲ್ಲಿ ಬ್ರಾಡ್ ಓರ್ಸಿನಿ ಅನ್ನುವ ಎಫ್‌ಬಿಐ ನಿವೃತ್ತ ಅಧಿಕಾರಿಯನ್ನು ಸುರಕ್ಷತೆಯ ಕೆಲಸಕ್ಕೆ ತೆಗೆದುಕೊಂಡಿತ್ತು. ಅವರು ಸಿನಗಾಗ್‌ಗಳಿಗೆ ಹೋಗಿ ತರಬೇತಿ ಕೊಡುತ್ತಿದ್ದರು. ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಶಬ್ಬಾತ್‌ನಲ್ಲಿ ಫೋನ್ ಮುಟ್ಟದ ಸಂಪ್ರದಾಯ ಇದ್ದರೂ ಜೊತೆಗೊಂದು ಇಟ್ಟುಕೊಳ್ಳಿ ಅಂತ ಟ್ರೀ ಆಫ್ ಲೈಫ್‌ನ ಧರ್ಮಗುರು ರಬ್ಬಿ ಜೆಫ್ರಿ ಮೈಯರ್ಸ್‌ಗೆ ಹೇಳಿದ್ದರು. ಅವತ್ತು ರಬ್ಬಿ ತುರ್ತು ಸಹಾಯದ 911 ನಂಬರಿಗೆ ಕರೆ ಮಾಡಿದ್ದು ಅದೇ ಫೋನಿನಿಂದ. ತರಬೇತಿ ನಮ್ಮ ಜೀವ ಉಳಿಸಿತು ಅಂತ ಬದುಕುಳಿದವರು ಆಮೇಲೆ ಹೇಳಿದರು. ಒಬ್ಬ ಸುರಕ್ಷತಾ ಅಧಿಕಾರಿಯ ಸಂಬಳ ಅಂದರೆ ಬಜೆಟ್ಟಿನಲ್ಲಿ ಒಂದು ಸಾಲು ಅಷ್ಟೇ. ಆ ದಿನದ ನಂತರ ನಾನು ಯಾವ ಸಾಲನ್ನೂ ಬರೀ ಖರ್ಚು ಅಂತ ನೋಡಿಲ್ಲ.

ಆಮೇಲೆ ಹೆಸರಿಟ್ಟ ದುಡ್ಡು ಹರಿದು ಬಂತು. ಫೆಡರೇಶನ್ ಸಂತ್ರಸ್ತರಿಗಾಗಿ ಬೇರೆ ನಿಧಿ ತೆರೆಯಿತು. ಮುಸ್ಲಿಂ ಸಂಘಟನೆಗಳು ಕೂಡಿಸಿದ್ದೇ 2 ಲಕ್ಷ ಡಾಲರ್‌ಗಿಂತ ಜಾಸ್ತಿ. ಲೆಕ್ಕದ ಕೋಣೆಯಲ್ಲಿ ನಮಗಿದ್ದ ಕಟ್ಟಪ್ಪಣೆ ಒಂದೇ. ಈ ದುಡ್ಡಿನ ಒಂದು ಸೆಂಟೂ ವಾರ್ಷಿಕ ಅಭಿಯಾನದ ಜೊತೆ ಬೆರೆಯಬಾರದು. ಲಕೋಟೆ ಒಡೆದು, ಒಳಗಿನ ಕಾಗದ ಓದಿ, ಕೊಟ್ಟವರ ಮನಸ್ಸಲ್ಲಿ ಏನಿದೆ ಅಂತ ತಿಳಿದು ಆಮೇಲೆ ಬರೆದುಕೊಳ್ಳುತ್ತಿದ್ದೆವು. ಓದುತ್ತಾ ಎಷ್ಟೋ ಸಲ ಪೆನ್ನು ಕೆಳಗಿಟ್ಟಿದ್ದೇನೆ. 2019ರಲ್ಲಿ ಒಂದು ಸ್ವತಂತ್ರ ಸಮಿತಿ 63 ಲಕ್ಷ ಡಾಲರ್ ಹಂಚುವ ತೀರ್ಮಾನ ಮಾಡಿತು. ಹೆಚ್ಚಿನ ಪಾಲು ಸತ್ತವರ ಮನೆಯವರಿಗೆ ಮತ್ತು ತೀವ್ರವಾಗಿ ಗಾಯಗೊಂಡವರಿಗೆ ಹೋಯಿತು. ಗಾಯಗೊಂಡ ಪೊಲೀಸರಿಗೂ ಪಾಲು ಸಿಕ್ಕಿತು. ಅದು ಹಾಗೇ ಆಗಬೇಕಿತ್ತು. ಆದರೆ ದುಃಖ ಒಂದು ಹಂಚಿಕೆಗೆ ಮುಗಿಯಲ್ಲ, ಅಲ್ವಾ? ಐದು ವರ್ಷದ ಮೇಲೆ ರಾತ್ರಿ ನಿದ್ದೆ ಬಾರದವರಿಗೂ ಮಾತಾಡಲು ಒಬ್ಬರು ಬೇಕು. ಅಷ್ಟು ಹೊತ್ತಿಗೆ ಟಿವಿಯವರು ಹೋಗಿರುತ್ತಾರೆ.

ಕೊಂದವನ ಸಿಟ್ಟು ಹಯಾಸ್ ಅನ್ನುವ ಯಹೂದಿ ಸಂಸ್ಥೆಯ ಮೇಲಿತ್ತು. 1881ರಲ್ಲಿ ಶುರುವಾದ ಆ ಸಂಸ್ಥೆ ಈಗ ಎಲ್ಲ ಧರ್ಮದ ನಿರಾಶ್ರಿತರಿಗೂ ನೆಲೆ ಕಾಣಿಸುತ್ತದೆ. ಪಿಟ್ಸ್‌ಬರ್ಗ್‌ನಲ್ಲಿ ಈ ಕೆಲಸ ಮಾಡುತ್ತಿದ್ದವರಲ್ಲಿ ಜೆಎಫ್‌ಸಿಎಸ್ ಕೂಡ ಒಂದು. ಭೂತಾನದಿಂದ ಹೊರದೂಡಿಸಿಕೊಂಡು ನೇಪಾಳದ ಶಿಬಿರಗಳಲ್ಲಿ ಹದಿನೈದು ಇಪ್ಪತ್ತು ವರ್ಷ ಕಳೆದ ನೇಪಾಳಿ ಮಾತಾಡುವ ಜನ, ಹೆಚ್ಚಿನವರು ಹಿಂದೂಗಳು, 2008ರಿಂದೀಚೆಗೆ ಈ ಊರಿಗೆ ಸಾವಿರಾರು ಸಂಖ್ಯೆಯಲ್ಲಿ ಬಂದರು. ಅವರಲ್ಲಿ ಎಷ್ಟೋ ಕುಟುಂಬಗಳಿಗೆ ಮೊದಲ ಮನೆ ಹುಡುಕಿ, ಮಕ್ಕಳನ್ನು ಶಾಲೆಗೆ ಸೇರಿಸಿದ್ದು ಈ ಯಹೂದಿ ಸಂಸ್ಥೆ. ಸರ್ಕಾರದ ಮೊದಲ ನೆರವು 90 ದಿನಕ್ಕೆ ಮುಗಿಯುತ್ತದೆ. ಇಂಗ್ಲಿಷ್ ಬಾರದ ಅಜ್ಜನಿಗೆ 90 ದಿನದಲ್ಲಿ ಏನಾಗುತ್ತದೆ? 91ನೇ ದಿನ ಬೇಕಾಗುವುದೇ ನಾನು ಹೇಳುತ್ತಿರುವ ಈ ದುಡ್ಡು. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋದಾಗ ಆ ಕುಟುಂಬಗಳನ್ನು ನೋಡುತ್ತೇನೆ. ಮಾತಾಡಿಸದೆ ಬರುವುದಿಲ್ಲ.

2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ, ಗದಗ ಕಡೆ ನೆರೆ ಬಂತು. ಇಲ್ಲಿನ ನಮ್ಮ ಕನ್ನಡ ಗೆಳೆಯರು ಸೇರಿ ದುಡ್ಡು ಕೂಡಿಸೋಕೆ ಹೊರಟಾಗ ನಾನು ಕಲಿತಿದ್ದನ್ನೆಲ್ಲ ಅಲ್ಲಿ ಹಾಕಿದೆ. ಎತ್ತುವವರು ಬೇರೆ, ಎಲ್ಲಿಗೆ ಅಂತ ತೀರ್ಮಾನಿಸುವವರು ಬೇರೆ ಅಂತ ಮೊದಲ ದಿನವೇ ಹಂಚಿಕೊಂಡೆವು. ಕೇಳಲು ಹೋಗುವ ಮೊದಲು ನಾವೇ ಬರೆದುಕೊಟ್ಟೆವು. ವಿದೇಶದ ದುಡ್ಡು ಪಡೆಯಲು ಎಫ್‌ಸಿಆರ್‌ಎ ನೋಂದಣಿ ಇರುವ ಸಂಸ್ಥೆಗೆ ಮಾತ್ರ ಕಳಿಸುವುದು ಅಂತ ನಿಶ್ಚಯಿಸಿದೆವು. ಇಲ್ಲದಿದ್ದರೆ ಕಾನೂನಿನ ತೊಡಕು. ಕೊಡುವವರಲ್ಲಿ ಹೆಚ್ಚಿನವರು ಕಂಬಳಿಗೆ, ಅಕ್ಕಿಗೆ ಅಂತಲೇ ಹೇಳಿದರು. ಅದನ್ನು ಹಾಗೇ ಬರೆದುಕೊಂಡೆವು. ಆದರೆ ಪ್ರತಿಯೊಬ್ಬರಿಗೂ ಇನ್ನೊಂದು ಪ್ರಶ್ನೆ ಕೇಳಿದೆವು: ‘ಇದರಲ್ಲಿ ಒಂದು ಪಾಲು ನೀರು ಇಳಿದ ಮೇಲಿನ ಕೆಲಸಕ್ಕೆ ಬಿಡುತ್ತೀರಾ?’

ಗುಂಪಿನ ಹುಡುಗನೊಬ್ಬ, “ಅಕ್ಕಾ, ಜನ ಈಗ ಕಷ್ಟದಲ್ಲಿದ್ದಾರೆ. ಪೂರ್ತಿ ಈಗಲೇ ಕಳಿಸಿಬಿಡೋಣ” ಅಂದ. ಅವನ ಊರು ಗೋಕಾಕ್ ಹತ್ತಿರ. ಅವನ ಸಂಕಟ ನನಗೆ ಗೊತ್ತಿತ್ತು.

“ಕಂಬಳಿ ದುಡ್ಡು ಇವತ್ತೇ ಹೋಗಲಿ ಕಣಪ್ಪ. ಈ ಪಾಲು ಮಾತ್ರ ಜನವರಿ ತನಕ ಇರಲಿ. ಅಷ್ಟು ಹೊತ್ತಿಗೆ ಯಾರೂ ಕೇಳಲ್ಲ, ಯಾರೂ ಕೊಡಲ್ಲ. ಆಗ ಊರಿಗೆ ಫೋನ್ ಮಾಡಿ ಏನು ಬೇಕು ಅಂತ ನೀನೇ ವಿಚಾರಿಸು” ಅಂದೆ.

ಅವನು ವಿಚಾರಿಸಿದ. ಹೊಲಿಗೆ ಯಂತ್ರ ಬೇಕಿತ್ತು, ಮಕ್ಕಳಿಗೆ ಪಠ್ಯಪುಸ್ತಕ ಬೇಕಿತ್ತು, ನೆನೆದು ಹಾಳಾದ ಕಾಗದಪತ್ರಗಳನ್ನು ಮತ್ತೆ ಮಾಡಿಸಿಕೊಳ್ಳಲು ಕಚೇರಿಯಿಂದ ಕಚೇರಿಗೆ ಅಲೆಯುವ ಖರ್ಚು ಬೇಕಿತ್ತು. ಆ ಮೂರಕ್ಕೂ ಕೊಟ್ಟೆವು. ಲೆಕ್ಕವನ್ನು ಕೊಟ್ಟವರೆಲ್ಲರಿಗೂ ಕಳಿಸಿದ್ದು ಅವನೇ.