ಕಬ್ಬಿನ ರವದಿ ಸುಡದೆ ಎರಡನೇ ಕುಳೆಯಾಗ 40 ಟನ್ ದಾಟಿಸಿದ್ದು – ನನ್ನ ಅನುಭವ

ಈ ಸಲ ಮುಧೋಳ ಕಡೆ ನಮ್ಮ ಹೊಲದಾಗ ಕಬ್ಬಿನ ಎರಡನೇ ಕುಳೆ (ಕಡಿದ ಬುಡದಿಂದ ಮತ್ತ ಚಿಗಿಯೋ ಬೆಳಿ) ಎಕರೆಗೆ ಹತ್ರಹತ್ರ 42 ಟನ್ ತೂಗೇತಿ, ಫ್ಯಾಕ್ಟರಿ ಸ್ಲಿಪ್ ಇಟ್ಟೀನಿ, ಬೇಕಾದೋರು ಬಂದು ನೋಡ್ರಿ. ಇದೇ ಕರಿ ಮಣ್ಣು, ಇದೇ 86032 ತಳಿ, ರವದಿಗೆ (ಕಟಾವ್ ಆದ ಮ್ಯಾಲ ಹೊಲದಾಗ ಉಳಿಯೋ ಒಣ ಗರಿ) ಬೆಂಕಿ ಹಚ್ಕೋತ ಬಂದಾಗ 27-28 ದಾಟ್ತಿದ್ದಿಲ್ಲ. ನಾನು ಓದಿದ್ದು ಕೃಷಿ, ಊರೂರು ತಿರುಗಿ ಮಣ್ಣು-ಬೆಳಿ ಸಲಹೆ ಕೊಡೋದ ಕೆಲಸ. ಆದ್ರ ರವದಿ ಮಾತು ತಗದ್ರ ಸಾಕು, "ಸಾಹೇಬ್ರ, ಸುಡಲಿಲ್ಲಂದ್ರ ಕುಳೆ ಒಡಿಯಾಂಗಿಲ್ಲ, ನೀರು ಮುಂದ ಹೋಗಾಂಗಿಲ್ಲ, ಇಲಿ ಕಾಟ ಬ್ಯಾರೆ" ಅಂತ ರೈತರು ಅಂತಿದ್ರು. ನಮ್ಮಪ್ಪಾರೂ ಅದನ್ನ ಅಂದ್ರು. ಕಡೀಕ ಅವರ ಕಡಿಂದ ಎರಡು ಎಕರೆ ಕೇಳಿ ಇಸ್ಕೊಂಡು ಐದಾರು ವರ್ಷದ ಹಿಂದ ಶುರು ಮಾಡಿದೆ.

ಮೊದಲನೇ ವರ್ಷ ಕುಳೆ ಹಳದಿ ಆಗಿ ನಿಂತುಬಿಡ್ತು, ಬಾಜು ಸುಟ್ಟ ಹೊಲ ಮಾತ್ರ ಹಸರ. ರವದಿ ಕೊಳಿಸೋ ಜೀವಿಗಳು ಇದ್ದ ಸಾರಜನಕ ಮೊದಲು ತಾವ ತಿಂತಾವು, ಅದು ಗೊತ್ತಿದ್ದದ್ದ, ಆದ್ರ ಪುಸ್ತಕದ ಲೆಕ್ಕದಾಗ ಕೊಟ್ಟ ಯೂರಿಯಾ ನಮ್ಮ ಮಣ್ಣಿಗೆ ಸಾಲಲಿಲ್ಲ. ನೀರಂತೂ ಎಲ್ಲಾ ಸಾಲಿನ್ಯಾಗ ರವದಿ ಇದ್ದದ್ದಕ್ಕ ತುದಿ ಮುಟ್ಟಾಕ ಒಂದು ರಾತ್ರಿ ಕರೆಂಟ್ ಪೂರ್ತಿ ಹೋಗ್ತಿತ್ತು. ಬೇಗ ಕೊಳಿತೈತಿ ಅಂತ ಅಂಗಡ್ಯಾಗ ಕೊಟ್ಟ ಬಾಟ್ಲಿ ಔಷಧಕ್ಕ ಎರಡು ಸಾವಿರ ಹಾಕಿದ್ದು ನೀರಾಗ ಹೋಮ. ಮರುವರ್ಷ ಬಾಜು ಹೊಲದ ಬೆಂಕಿ ದಾಟಿ ಬಂದು ಅರ್ಧ ಎಕರೆ ರವದಿ, ಬದುವಿನ ಮ್ಯಾಲಿದ್ದ ಪಿವಿಸಿ ಪೈಪು ಎಲ್ಲಾ ಸುಟ್ಟು ಹನ್ನೆರಡು ಸಾವಿರದ ಮಟ ಲುಕ್ಸಾನಾತು. ಆವಾಗಿಂದ ಕಟಾವ್ ಆದ ದಿನಾನ ಬದುವಿನ ಗುಂಟ ಎಂಟತ್ತು ಫೂಟ್ ರವದಿ ಒಳಗ ಜಗ್ಗಿಸಿ ರಂಟಿ ಹೊಡಸ್ತೀನಿ, ಇದನ್ನ ಬಿಡಬ್ಯಾಡ್ರಿ.

ಈಗ ಮಾಡೋದು ಹಿಂಗ. ಕಟಾವ್ ಆಗಿ ವಾರದೊಳಗ ಕುಳೆ ನೆಲಕ್ಕ ಸಮ ಸವರೋದು, ರವದಿ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಜಗ್ಗಿಸೋದು, ಖಾಲಿ ಸಾಲು ನೀರಿಗೆ. ರವದಿ ಮ್ಯಾಲ ಎಕರೆಗೆ ಒಂದು ಚೀಲ ಯೂರಿಯಾ, ಎರಡು ಚೀಲ ಸೂಪರ್ ಫಾಸ್ಫೇಟ್ ಚೆಲ್ಲಿ, ಆ ಸಾಲಿಗೆ ಒಂದೇ ಸಲ ತುಂಬ ನೀರು ಬಿಡೋದು, ಈ ಗೊಬ್ಬರ ಕುಳೆಗೆ ಕೊಡೋ ಡೋಸಿನ ಮ್ಯಾಲ ಬ್ಯಾರೆ. ಯೂರಿಯಾ ಚೆಲ್ಲಿದ ದಿನಾನ ನೀರು ಹೋಗ್ಬೇಕು, ನಾಳೆ ನೋಡೂಣು ಅಂದ್ರ ಗಾಳಿಗೆ ಹೋತು. ಆಮ್ಯಾಲ ಸಗಣಿ ನೀರಾಗ ಬೆಲ್ಲ, ಕಲ್ಚರ್ (ರವದಿ ಕೊಳಿಸೋ ಜೀವಿಗಳು) ಕಲಿಸಿ ಹಾಕೋದು. ಅದರಾಗ ನಾನು ಇನ್ನೊಂದು ಸಾಮಾನು ಕೂಡಿಸ್ತೀನಿ, ಅದನ್ನ ಇಲ್ಲಿ ಬರಿಯಾಂಗಿಲ್ಲ, ಹೊಲಕ್ಕ ಬಂದೋರಿಗೆ ತೋರಸ್ತೀನಿ.

ಎರಡು ತಿಂಗಳಿಗೆ ರವದಿ ಎತ್ತಿ ನೋಡಿದ್ರ ಕೆಳಗ ಬಿಳಿ ಎಳಿ ಎಳಿ ಬೂಷ್ಟು, ಬೇಸಿಗ್ಯಾಗೂ ತಂಪು, ಎರೆಹುಳ, ಮಣ್ಣಿಗೆ ಮಳಿ ಬಿದ್ದ ವಾಸನಿ. ಸುಟ್ಟ ಹೊಲದಾಗ ಅದೇ ಹೊತ್ತಿಗೆ ಬಿರಕು ಬಿಟ್ಟಿರ್ತೈತಿ. ಹುಡುಗರಿಗೆ ನಂಬಿಕಿ ಬರ್ಲಿ ಅಂತ ಹಳೇ ಹತ್ತಿ ಬನಿಯನ್ ಒಂದು ಇಲ್ಲಿ, ಒಂದು ಸುಟ್ಟ ಹೊಲದಾಗ ಗೇಣು ಆಳಕ್ಕ ಹೂಳಿದ್ವಿ. ತಗದಾಗ ಅಲ್ಲಿದು ತೊಳದು ಹಾಕ್ಕೋಬಹುದಿತ್ತು, ನಮ್ಮ ಹೊಲದ್ದು ಅಂಚಿನ ಹೊಲಿಗಿ ದಾರ ಅಷ್ಟ ಉಳಿದಿತ್ತು! ಮಣ್ಣು ಪರೀಕ್ಷೆಯಾಗ ಸಾವಯವ ಇಂಗಾಲ ಶೇ. 0.4 ಇದ್ದದ್ದು 0.6 ದಾಟೇತಿ.

ಖರ್ಚು, ಆಳು ಗೊಬ್ಬರ ಎಲ್ಲಾ ಸೇರಿ ಎಕರೆಗೆ ಐದು ಸಾವಿರ ಇರಬಹುದು. ರವದಿ ಕೆಳಗ ಕಳೆ ಕಡಿಮಿ, ಹಂಗಾಗಿ ಅದು ಬರೇ ಕಳೆ ತೆಗಿಯೋ ಆಳಿನಾಗ ವಾಪಸ್ ಬರ್ತೈತಿ, ನೀರು ಹತ್ತು ದಿನಕ್ಕ ಇದ್ದದ್ದು ಹದಿನೈದಕ್ಕ ಹೋಗೇತಿ, ಮೂರನೇ ವರ್ಷದಿಂದ ಯೂರಿಯಾ ಎರಡು ಚೀಲ ಕಡಿಮಿ ಮಾಡೀನಿ. ಹೆಚ್ಚಿಗೆ ಬಂದ 14 ಟನ್ನಿನ ರೊಕ್ಕ ಇದರ ಮ್ಯಾಲ ಬ್ಯಾರೆ.

ನಡುವ ಲಾಗಣಿ (ಹೊಸದಾಗಿ ನಾಟಿ ಮಾಡಿದ) ಕಬ್ಬಿನ ಸಾಲಿನ್ಯಾಗ ಹಸಿರು ಗೊಬ್ಬರಕ್ಕ ಸೆಣಬು ಹಾಕಿ ನೋಡಿದೆ, 45 ದಿನಕ್ಕ ಹೂ ಬರೋ ಮುಂದ ಮುರಿದು ಮಣ್ಣಿಗೆ ಹಾಕಿದ್ರ ಚಲೋ, ಆದ್ರ ಒಂದು ವರ್ಷ ಮಳಿ ಬಿಡಲಿಲ್ಲ, ಮುರಿಯಾಕ ಆಗದ ಕಾಂಡ ಕಟಿಗಿ ಆಗಿ ಕಬ್ಬಿಗೇ ನೆರಳು ಹಾಕ್ತು. ಬೇರು ತಿನ್ನೋ ಗೊಣ್ಣೆ ಹುಳ ಇರೋ ಹೊಲದಾಗ ಮೊದಲು ಅದನ್ನ ನೋಡ್ಕೋರಿ, ನಾನು ಮೆಟರೈಜಿಯಂ (ಹುಳ ಕೊಲ್ಲೋ ಬೂಷ್ಟು) ಸಗಣಿ ಗೊಬ್ಬರದಾಗ ಬೆಳಸಿ ಜೂನ್ ಮಳಿಗೆ ಹಾಕ್ತೀನಿ. ಈಗ ಮೂರನೇ ಕುಳೆ ಬಿಟ್ಟೀನಿ, ಮರಿ ಒಡದದ್ದು ನೋಡಿ ನಮ್ಮಪ್ಪಾರು ಉಳಿದ ಮೂರು ಎಕರೆಗೂ ಈ ಸಲ ಬೆಂಕಿ ಹಚ್ಚಿಲ್ಲ.