ಪಕ್ಕದ ಮನೆಯ ಹಸುವಿನಿಂದ ಪಾಠ ಮಾಡುವುದು ಹೇಗೆ

ನಾನು ತಿಪಟೂರು ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸುತ್ತೇನೆ. ನಮ್ಮ ಮಕ್ಕಳಲ್ಲಿ ಜಾಸ್ತಿ ಜನ ಕೊಟ್ಟಿಗೆ ಕಸ ಬಾಚಿ, ಡೇರಿಗೆ ಹಾಲು ಹಾಕಿ ಶಾಲೆಗೆ ಬರುತ್ತಾರೆ. "ಬೆಳಿಗ್ಗೆ ಏನು ಮಾಡಿದೆ?" ಅಂದರೆ "ಏನಿಲ್ಲ ಮಿಸ್" ಅನ್ನುತ್ತಾರೆ. ಅಷ್ಟು ಕೆಲಸ ಮಾಡಿ ಬಂದ ಮಗು 'ಏನಿಲ್ಲ' ಅನ್ನುವುದು ನನಗೆ ಸಂಕಟ ಕೊಡುತ್ತಿತ್ತು. ದನ ನೋಡಿಕೊಳ್ಳುವುದು ಕಲಿತು ಮಾಡುವ ಕೆಲಸ. ಅದನ್ನು ಪಾಠದೊಳಗೇ ತರಬೇಕು ಅಂತ ಹೊರಟೆ.

ಇದಕ್ಕೆ ಬೇರೆ ಪೀರಿಯಡ್ ಬೇಡ. ಒಂದೇ ಒಂದು ಹಸು ಆರಿಸಿಕೊಳ್ಳಿ, ವರ್ಷವಿಡೀ ಅದನ್ನೇ ಹಿಂಬಾಲಿಸಿ. ನಮಗೆ ಸಿಕ್ಕಿದ್ದು ಶಾಲೆಯ ಹಿಂದಿನ ಮನೆಯ ಗೌರಿ. ಆ ಮನೆಯ ಹುಡುಗಿ ನಮ್ಮ ಏಳನೇ ತರಗತಿಯಲ್ಲೇ ಇದ್ದಳು. ಮೊದಲು ಮನೆಯವರ ಒಪ್ಪಿಗೆ ಕೇಳಿ. ಒಂದು ಸಲಕ್ಕೆ ನಾಲ್ಕೈದು ಮಕ್ಕಳು ಸಾಕು. ಹಿಂದಿನಿಂದ ಹೋಗಬಾರದು, ಹಸುವಿಗೆ ಕಾಣುವ ಹಾಗೆ ಮಾತಾಡಿಸುತ್ತಾ ಹೋಗಬೇಕು. ವಾಪಸ್ ಬಂದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು.

ಗಣಿತದಿಂದ ಶುರು ಮಾಡಿ. ಟೈಲರ್ ಟೇಪು ತೆಗೆದುಕೊಂಡು ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಅಳೆಯಿರಿ. ಆಮೇಲೆ ಭುಜದ ಮೂಳೆಯಿಂದ ಬಾಲದ ಬುಡದ ಪಕ್ಕದ ಮೂಳೆಯವರೆಗೆ ಉದ್ದ. ಎರಡೂ ಇಂಚಿನಲ್ಲಿರಲಿ. ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 660ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕಿಲೊ ಲೆಕ್ಕದಲ್ಲಿ ತೂಕ ಸಿಗುತ್ತದೆ. ಗೌರಿಗೆ 64 ಮತ್ತು 54 ಬಂತು, ಅಂದರೆ ಸುಮಾರು 335 ಕಿಲೊ. "ವರ್ಗ ಯಾಕೆ ಬೇಕು ಮಿಸ್?" ಅಂತ ಯಾವತ್ತೂ ಕೇಳುತ್ತಿದ್ದ ಹುಡುಗ ಅವತ್ತು ಅವರ ಮನೆಯ ಎರಡು ಎಮ್ಮೆಗಳನ್ನೂ ಅಳೆದುಕೊಂಡು ಬಂದ. ಜಂತುಹುಳದ ಔಷಧಿಯನ್ನು ತೂಕ ನೋಡಿಯೇ ಕೊಡುವುದು ಅಂತ ಇಲ್ಲಿ ಹೇಳಿ. ಆದರೆ ಯಾವ ಔಷಧಿ, ಎಷ್ಟು ಅನ್ನುವುದು ವೈದ್ಯರ ಮಾತು. ಗಬ್ಬದ ಹಸುವಿಗೆ ಎಲ್ಲ ಔಷಧಿಯೂ ಆಗುವುದಿಲ್ಲ.

ಎರಡನೇ ಲೆಕ್ಕ ಇನ್ನೂ ಚೆನ್ನಾಗಿದೆ. ಗೌರಿಗೆ ಏಪ್ರಿಲ್ 10ಕ್ಕೆ ಇಂಜೆಕ್ಷನ್ ಕೊಡಿಸಿ ಗಬ್ಬ ಕಟ್ಟಿಸಿದ್ದರು. ಆ ಮನೆಯ ಅಜ್ಜಿ "ಒಂಬತ್ತು ತಿಂಗಳು ಒಂಬತ್ತು ದಿನ" ಅಂದರು. ಹಾಗೆ ಎಣಿಸಿದರೆ ಜನವರಿ 19. ಪುಸ್ತಕದಲ್ಲಿರುವಂತೆ 280 ದಿನ ಎಣಿಸಿದರೆ ಜನವರಿ 15. ನಾಲ್ಕು ದಿನ ಎಲ್ಲಿಂದ ಬಂತು? ಉತ್ತರ ನೀವು ಹೇಳಬೇಡಿ. ಕ್ಯಾಲೆಂಡರ್ ಕೊಟ್ಟು ಬಿಟ್ಟುಬಿಡಿ. 31 ದಿನದ ತಿಂಗಳುಗಳನ್ನು ನಮ್ಮ ಮಕ್ಕಳು ತಾವೇ ಹಿಡಿದರು.

ವಿಜ್ಞಾನದಲ್ಲಿ ಮೆಲುಕು, ಹೊಟ್ಟೆಯ ನಾಲ್ಕು ಭಾಗ ಎಲ್ಲ ಹೇಗೂ ಬರುತ್ತದೆ. ನಾನು ಜಾಸ್ತಿ ಹೊತ್ತು ನಿಂತದ್ದು ಗಿಣ್ಣು ಹಾಲಿನ ಹತ್ತಿರ. ನಮ್ಮ ಕಡೆ ಸುಮಾರು ಮನೆಗಳಲ್ಲಿ ಸತ್ತೆ (ಕರು ಹುಟ್ಟಿದ ಮೇಲೆ ಬೀಳುವ ಮಾಸು) ಬೀಳುವವರೆಗೆ ಕರುವಿಗೆ ಗಿಣ್ಣು ಕುಡಿಸುವುದಿಲ್ಲ. ನನ್ನ ತವರಿನಲ್ಲೂ ಹಾಗೇ ಮಾಡುತ್ತಿದ್ದರು. ಒಂದು ಕರು ಬೇಧಿಯಾಗಿ ಸತ್ತದ್ದು ನನಗೆ ಈಗಲೂ ನೆನಪಿದೆ. ಹಸುವಿನ ಹೊಟ್ಟೆಯಲ್ಲಿರುವಾಗ ಕರುವಿಗೆ ತಾಯಿಯ ರೋಗನಿರೋಧಕ ಶಕ್ತಿ ದಾಟುವುದಿಲ್ಲ. ಅದು ಸಿಗುವುದು ಗಿಣ್ಣಿನಿಂದ. ಅದನ್ನು ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಹುಟ್ಟಿದ ಒಂದು ದಿನದೊಳಗೆ ಮುಗಿದುಹೋಗುತ್ತದೆ. ಗಂಟೆ ಗಂಟೆಗೂ ಕಡಿಮೆಯಾಗುತ್ತಾ ಬರುತ್ತದೆ. ಆದ್ದರಿಂದ ಮೊದಲ ಒಂದೆರಡು ಗಂಟೆಯೊಳಗೇ ಶುರು ಮಾಡಬೇಕು. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟಾದರೂ ಕುಡಿಸಬೇಕು.

ಗೌರಿ ಜನವರಿ 12ರ ರಾತ್ರಿ ಈದಳು. ಸತ್ತೆ ಇನ್ನೂ ಬಿದ್ದಿರಲಿಲ್ಲ. ಹುಡುಗಿ ಅಜ್ಜಿಯ ಹತ್ತಿರ ಹಟ ಹಿಡಿದು ಕುಡಿಸಿದಳಂತೆ. ಬೆಳಿಗ್ಗೆ ನಾವು ಶಾಲೆಯ ತೂಕದ ಯಂತ್ರ ಒಯ್ದೆವು. ಅವಳ ಅಪ್ಪ ಕರು ಎತ್ತಿಕೊಂಡು ನಿಂತರು, ಆಮೇಲೆ ಬರಿಗೈಯಲ್ಲಿ ನಿಂತರು. ಕಳೆದರೆ 24 ಕಿಲೊ. ಅಂದರೆ ಎರಡೂವರೆ ಲೀಟರಿಗೆ ಸ್ವಲ್ಪ ಕಮ್ಮಿ ಗಿಣ್ಣು.

ಕನ್ನಡಕ್ಕೆ ಒಂದೇ ಕೆಲಸ ಕೊಡಿ. ಮನೆಯ ಹಿರಿಯರಿಂದ ಮಾತು ಕೂಡಿಸಿ ತರಲಿ. ಕಡಸು, ಕೆಚ್ಚಲು, ಗೊಂತು, ಗಂಜಲ, ಬೆದೆ, ಮಣಕ. ನಮ್ಮವರು ಎರಡು ವಾರದಲ್ಲಿ 70 ಮಾತು ತಂದರು. ಅದರಲ್ಲಿ ಕೆಲವು ನನಗೇ ಗೊತ್ತಿರಲಿಲ್ಲ. ಸಮಾಜಕ್ಕೆ ನಮ್ಮ ಕಡೆಯ ಅಮೃತಮಹಲ್ ಕಾವಲುಗಳಿವೆ, ಅಂದರೆ ಅಮೃತಮಹಲ್ ದನಗಳ ಹುಲ್ಲುಗಾವಲುಗಳು. ಮೈಸೂರು ಅರಸರ ಬೆಣ್ಣೆ ಚಾವಡಿಗೆ, ಅಂದರೆ ದನಗಳ ಇಲಾಖೆಗೆ, ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟದ್ದು ಹೇಳಿ. ಡೇರಿಗೆ ಕರೆದುಕೊಂಡು ಹೋಗಿ ಹಾಲಿನ ಸಾಂದ್ರತೆ ನೋಡುವ ಲ್ಯಾಕ್ಟೋಮೀಟರ್ ತೋರಿಸಿ. ನೀರು ಬೆರೆಸಿದ ಹಾಲಿನಲ್ಲಿ ಅದು ಜಾಸ್ತಿ ಮುಳುಗುವುದನ್ನು ಮಕ್ಕಳು ಕಣ್ಣಾರೆ ನೋಡಲಿ.

ಪಶು ಆಸ್ಪತ್ರೆಯವರನ್ನು ಒಂದು ಸಲ ಕರೆಸಿ. ಕಾಲುಬಾಯಿ ಜ್ವರದ ಲಸಿಕೆಗೆ ಊರಿಗೆ ಬಂದ ದಿನವೇ ಕೇಳಿಕೊಂಡರೆ ಸುಲಭ. ಪ್ರಶ್ನೆಗಳನ್ನು ಮಕ್ಕಳೇ ಬರೆದುಕೊಂಡಿರಲಿ. "ನಿಮ್ಮ ಕೆಲಸಕ್ಕೆ ಎಷ್ಟು ಓದಬೇಕು?" ಅನ್ನುವುದು ಇರಲೇಬೇಕು. ಪಿಯುಸಿ ವಿಜ್ಞಾನ ಆದ ಮೇಲೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಪದವಿ. ಹೆಣ್ಣುಮಕ್ಕಳು ಪಶುಸಖಿಯಾಗಿ (ದನಕರು ಸಾಕುವವರಿಗೆ ನೆರವಾಗಲು ತರಬೇತಿ ಪಡೆದವರು) ಊರಲ್ಲೇ ಕೆಲಸ ಮಾಡುವುದನ್ನೂ ಹೇಳಿಸಿ. ಪಶು ಆಂಬ್ಯುಲೆನ್ಸಿನ 1962 ನಂಬರನ್ನು ತರಗತಿಯ ಗೋಡೆಗೆ ಬರೆಸಿ.

ಗೌರಿಗೆ ಹುಟ್ಟಿದ್ದು ಹೆಣ್ಣುಗರು. ಕಂದು ಹಾಕಿಸುವ (ಗಬ್ಬ ಇಳಿಸುವ) ಬ್ರುಸೆಲ್ಲೋಸಿಸ್ ರೋಗಕ್ಕೆ ಹೆಣ್ಣುಗರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಲಸಿಕೆ ಹಾಕಿಸಬೇಕು. ಅಂದರೆ ಮೇ 12ರಿಂದ ಸೆಪ್ಟೆಂಬರ್ 12ರೊಳಗೆ. ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನ ಹೊಸ ಏಳನೇ ತರಗತಿಗೆ ನಾನು ಕೊಡುವ ಮೊದಲ ಲೆಕ್ಕ ಇದೇ: ನಮಗೆ ಇನ್ನು ಎಷ್ಟು ದಿನ ಉಳಿದಿದೆ?